ಉದ್ಯೋಗಸ್ಥಳದ ಕ್ಯಾನ್ಸರ್ ತಪಾಸಣೆ ಮತ್ತು ಕಾರ್ಮಿಕರ ಒಪ್ಪಿಗೆ

ಉದ್ಯೋಗಸ್ಥಳದ ಕ್ಯಾನ್ಸರ್ ತಪಾಸಣೆ ಎಂದರೆ ರೋಗಲಕ್ಷಣಗಳಿಲ್ಲದ ಕಾರ್ಮಿಕರನ್ನು ಅವರು ದುಡಿಯುವಲ್ಲಿಯೇ ಪರೀಕ್ಷಿಸಿ, ಕ್ಯಾನ್ಸರನ್ನು ಅಥವಾ ಅದರ ಪೂರ್ವಸ್ಥಿತಿಯನ್ನು ಆರಂಭದಲ್ಲಿಯೇ ಗುರುತಿಸುವ ಕ್ರಮ. ಭಾಗವಹಿಸುವುದು ಐಚ್ಛಿಕವಾದುದರಿಂದ ಇಂತಹ ಶಿಬಿರಗಳ ಫಲ ಕಾರ್ಮಿಕರ ಒಪ್ಪಿಗೆಯನ್ನು ಅವಲಂಬಿಸಿದೆ.

ಭಾರತದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ 30 ವರ್ಷ ಮೇಲ್ಪಟ್ಟವರಿಗೆ ಬಾಯಿ, ಸ್ತನ ಹಾಗೂ ಗರ್ಭಕಂಠದ ಕ್ಯಾನ್ಸರ್ ತಪಾಸಣೆಗೆ ಅವಕಾಶವಿದೆ. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದ 30–49 ವಯಸ್ಸಿನ ಮಹಿಳೆಯರಲ್ಲಿ ಗರ್ಭಕಂಠದ ತಪಾಸಣೆ ಎಂದಾದರೂ ಮಾಡಿಸಿಕೊಂಡವರು ಶೇ. 1.9, ಬಾಯಿಯ ತಪಾಸಣೆ ಮಾಡಿಸಿಕೊಂಡವರು ಶೇ. 0.9 ಮಾತ್ರ.

ಕೋಲಾರ ಜಿಲ್ಲೆಯಲ್ಲಿ

ಎಲೆಅಡಿಕೆಯೊಡನೆ ಹೊಗೆಸೊಪ್ಪು, ಕಡ್ಡಿಪುಡಿ ಅಗಿಯುವ ರೂಢಿ ಕೋಲಾರ ಸೀಮೆಯಲ್ಲಿ ಹಳೆಯದು. ಸಾಮಾನ್ಯವಾಗಿ ಪುರುಷರ ಕಾಯಿಲೆಯೆನಿಸಿದ ಬಾಯಿ ಕ್ಯಾನ್ಸರ್ ಇಲ್ಲಿ ಹೆಂಗಸರಲ್ಲಿಯೂ ಹೆಚ್ಚಾಗಿ ಕಾಣಲು ಇದೇ ಮುಖ್ಯ ಕಾರಣ. ಬಾಯೊಳಗಿನ ಬಿಳಿ ಅಥವಾ ಕೆಂಪು ಮಚ್ಚೆಗಳು ಬರಿಗಣ್ಣಿಗೇ ಕಾಣುತ್ತವೆ. ಪರೀಕ್ಷೆಗೆ ಕೆಲವೇ ನಿಮಿಷ ಸಾಕು. ತಿರುವನಂತಪುರ ಜಿಲ್ಲೆಯಲ್ಲಿ 1996ರಲ್ಲಿ ಆರಂಭವಾದ ಅಧ್ಯಯನವೊಂದರಲ್ಲಿ, ಇಂತಹ ಪರೀಕ್ಷೆಯಿಂದ ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಶೇ. 34ರಷ್ಟು ಇಳಿದುದು 2005ರಲ್ಲಿ ವರದಿಯಾಯಿತು.

ಆಂಧ್ರಪ್ರದೇಶದ ಗಡಿಗೆ ಹತ್ತಿರವಿರುವ ನಂಗಲಿಯಂತಹ ಊರಿನಿಂದ ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳಿಗೆ ಹೋಗಿಬರುವವರಿಗೆ ಪಾಳಿಯ ಜೊತೆಗೆ ಪ್ರಯಾಣದ ಹೊತ್ತೂ ಸೇರಿ ಇಡೀ ದಿನ ಕಳೆಯುತ್ತದೆ. ಅಂಥವರಿಗೆ ಕಾರ್ಖಾನೆಯ ಶಿಬಿರವೇ ಸುಲಭದ ದಾರಿ. ಆದರೂ ಹಿಂಜರಿಕೆ ಸಹಜ. ನೋವೇ ಇಲ್ಲದಿರುವಾಗ ಪರೀಕ್ಷೆಯೇಕೆ ಎಂಬ ಭಾವನೆ ಒಂದು ಕಡೆ. ಪುರುಷ ವೈದ್ಯರ ಮುಂದೆ ಸ್ತ್ರೀಯರಿಗಾಗುವ ಸಂಕೋಚ ಇನ್ನೊಂದು ಕಡೆ. ಎಲ್ಲಕ್ಕಿಂತ ಆಳವಾದುದು, ಫಲಿತಾಂಶ ಆಡಳಿತದವರಿಗೆ ತಿಳಿದರೆ ಕೆಲಸ ಹೋದೀತೆಂಬ ಭಯ. ಗುತ್ತಿಗೆ ಕಾರ್ಮಿಕರ ಮಟ್ಟಿಗೆ ಇದನ್ನು ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. ಫಲಿತಾಂಶವನ್ನು ಕಾರ್ಮಿಕರ ಕೈಗೇ ಕೊಡುವುದು, ಮಹಿಳಾ ಸಿಬ್ಬಂದಿಯನ್ನು ನೇಮಿಸುವುದು ಮತ್ತು ತಪಾಸಣೆಯ ಹೊತ್ತಿಗೆ ಸಂಬಳ ಕಡಿಯದಿರುವುದು ಕರಪತ್ರಗಳಿಗಿಂತ ಹೆಚ್ಚು ಉಪಯುಕ್ತ.

ಕಾನೂನಿನ ರಕ್ಷಣೆ

1948ರ ನೌಕರರ ರಾಜ್ಯ ವಿಮಾ ಕಾಯಿದೆಯ 73ನೆಯ ಪ್ರಕರಣದಂತೆ, ವಿಮಾದಾರ ಕಾರ್ಮಿಕರು ಅನಾರೋಗ್ಯ ಭತ್ಯ ಪಡೆಯುತ್ತಿದ್ದ ಅವಧಿಯಲ್ಲಿ ಮಾಲೀಕರು ಅವರನ್ನು ಕೆಲಸದಿಂದ ತೆಗೆಯುವಂತಿರಲಿಲ್ಲ. ಕ್ಯಾನ್ಸರ್ ವಿಸ್ತೃತ ಅನಾರೋಗ್ಯ ಭತ್ಯದ ಪಟ್ಟಿಯಲ್ಲಿಯೂ ಇದೆ. ನಿಗದಿತ ಅರ್ಹತೆಯುಳ್ಳವರಿಗೆ ಎರಡು ವರ್ಷಗಳವರೆಗೆ ವೇತನದ ಶೇ. 80ರಷ್ಟು ದೊರೆಯುತ್ತದೆ. ಶಿಬಿರದಲ್ಲಿ ಮಚ್ಚೆ ಕಂಡವರಿಗೆ ಅಂಗಾಂಶ ಪರೀಕ್ಷೆ ಅಗತ್ಯ. ಕೋಲಾರದ ಟಮಕದಲ್ಲಿರುವ ಆರ್.ಎಲ್. ಜಾಲಪ್ಪ ಆಸ್ಪತ್ರೆ ಮತ್ತು ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆ ಇದಕ್ಕೆ ಹತ್ತಿರದ ದೊಡ್ಡ ಕೇಂದ್ರಗಳಾಗಿವೆ.