ಸವಿತಾ ಸಾವಿಗೆ ಮೂವತ್ತು ವರ್ಷ ಮೊದಲು ಬರೆದ ಒಂದು ವಾಕ್ಯ

2012ರ ನವೆಂಬರ್ ಮಧ್ಯದಲ್ಲಿ ಬೆಳಗಾವಿಯ ಹೆಸರು ದೂರದ ಐರ್ಲೆಂಡಿನ ಮುಖಪುಟಗಳಲ್ಲಿ ಬಂತು. ಬೆಳಗಾವಿಯಲ್ಲಿ ಬೆಳೆದು, ದಂತವೈದ್ಯೆಯಾಗಿ, ಮದುವೆಯಾಗಿ ಐರ್ಲೆಂಡಿಗೆ ಹೋಗಿದ್ದ 31 ವರ್ಷದ ಸವಿತಾ ಹಾಲಪ್ಪನವರ ಅಲ್ಲಿಯ ಗಾಲ್ವೇ ನಗರದ ಆಸ್ಪತ್ರೆಯಲ್ಲಿ ಅಕ್ಟೋಬರ್ 28ರಂದು ತೀರಿಕೊಂಡಿದ್ದರು. 17 ವಾರದ ಗರ್ಭ ಉಳಿಯುವುದಿಲ್ಲ ಎಂದು ವೈದ್ಯರೇ ಹೇಳಿದ್ದರು. ಹಾಗಿದ್ದರೆ ತೆಗೆದುಬಿಡಿ ಎಂದು ಸವಿತಾ ಕೇಳಿಕೊಂಡರು. ಭ್ರೂಣದ ಎದೆಬಡಿತ ಇನ್ನೂ ಇದೆ, ಆಗುವುದಿಲ್ಲ ಎಂಬ ಉತ್ತರ ಬಂತು. ರಕ್ತಕ್ಕೆ ನಂಜು ಏರಿತು. ಮೊದಲು ಮಗು ಹೋಯಿತು, ನಾಲ್ಕು ದಿನದ ನಂತರ ತಾಯಿಯೂ ಹೋದರು.

ಆಗ ನಾನು ಡಿಪ್ಲೊಮಾ ಓದುತ್ತಿದ್ದೆ. ನಾನು ಓದಿದ ವರದಿಗಳಲ್ಲಿ ಕಾರಣ ಒಂದೇ ಸಾಲಿನಲ್ಲಿ ಮುಗಿದಿತ್ತು: ‘ಅಲ್ಲಿಯ ಕಾನೂನು ಗರ್ಭಪಾತಕ್ಕೆ ಒಪ್ಪುವುದಿಲ್ಲ.’ ಅದು ಕ್ಯಾಥೊಲಿಕ್ ದೇಶ, ಹಾಗಾಗಿ ಹೀಗೆ ಎಂದು ನಾವೂ ಅರ್ಥ ಮಾಡಿಕೊಂಡೆವು. ಆ ಕಾನೂನನ್ನು ಯಾರು ಬರೆಸಿದರು, ಯಾವಾಗ, ಯಾಕೆ ಎಂದು ಕೇಳಲಿಲ್ಲ. ಕಾನೂನು ಮಳೆಯ ಹಾಗೆ ಮೇಲಿಂದ ಬೀಳುವುದಿಲ್ಲ. ಯಾರೋ ಕೂತು ಬರೆದಿರುತ್ತಾರೆ, ಯಾರೋ ಬೆನ್ನು ಹತ್ತಿ ಪಾಸು ಮಾಡಿಸಿರುತ್ತಾರೆ. ಐರ್ಲೆಂಡಿನಲ್ಲಿ ಆ ಕೆಲಸ ಮಾಡಿದ್ದು ಒಂದು ಸಣ್ಣ ಗುಂಪು. ಆ ಗುಂಪಿನ ಕಥೆ ಇದು.

ಐರ್ಲೆಂಡಿನಲ್ಲಿ ಗರ್ಭಪಾತ ಮೊದಲಿಂದಲೂ ಅಪರಾಧವೇ ಆಗಿತ್ತು. ಬ್ರಿಟಿಷರ 1861ರ ಕಾಯ್ದೆಯಲ್ಲಿ ಅದಕ್ಕೆ ಜೀವಾವಧಿ ಶಿಕ್ಷೆ ಇತ್ತು. 1922ರಲ್ಲಿ ದೇಶ ಸ್ವತಂತ್ರವಾದರೂ ಕಾಯ್ದೆ ಉಳಿಯಿತು. 2024ರವರೆಗೆ ಜಾರಿಯಲ್ಲಿದ್ದ ನಮ್ಮ ಭಾರತೀಯ ದಂಡ ಸಂಹಿತೆಯ 312ನೇ ಕಲಮೂ ಅದೇ ಕಾಲದ್ದು, 1860ರದ್ದು. ಆದರೆ ನಾವು ಶಾಂತಿಲಾಲ್ ಶಾ ಸಮಿತಿಯ ವರದಿಯ ಮೇಲೆ 1971ರಲ್ಲಿ ವೈದ್ಯಕೀಯ ಗರ್ಭಪಾತ ಕಾಯ್ದೆ ಮಾಡಿಕೊಂಡೆವು. ಒಂದೇ ದೊರೆ ಬಿಟ್ಟುಹೋದ ಎರಡು ಕಾನೂನು, ಬೇರೆ ಬೇರೆ ದಾರಿ ಹಿಡಿದವು.

ಹಾಗಾದರೆ ಮೊದಲೇ ನಿಷೇಧವಿದ್ದ ದೇಶದಲ್ಲಿ ಗರ್ಭಪಾತ ವಿರೋಧಿಗಳು ಹೋರಾಟಕ್ಕೆ ಇಳಿದದ್ದು ಯಾಕೆ? ಉತ್ತರ 1973ರಲ್ಲಿದೆ. ಆ ವರ್ಷದ ಜನವರಿಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ‘ರೋ ವರ್ಸಸ್ ವೇಡ್’ ತೀರ್ಪಿನಲ್ಲಿ, ಖಾಸಗಿತನದ ಹಕ್ಕಿನೊಳಗೆ ಗರ್ಭಪಾತದ ಹಕ್ಕೂ ಇದೆ ಎಂದಿತು. ಅದೇ ಡಿಸೆಂಬರಿನಲ್ಲಿ ಐರ್ಲೆಂಡಿನ ಸುಪ್ರೀಂ ಕೋರ್ಟ್ ‘ಮೆಗೀ’ ಪ್ರಕರಣದಲ್ಲಿ, ಗಂಡಹೆಂಡಿರ ಖಾಸಗಿತನದ ಹಕ್ಕಿನಡಿ ಗರ್ಭನಿರೋಧಕ ತರಿಸಿಕೊಳ್ಳಬಹುದು ಎಂದಿತು. ಅಮೆರಿಕದಲ್ಲೂ ಗರ್ಭನಿರೋಧಕದಿಂದ ಶುರುವಾದ ತರ್ಕವೇ ಗರ್ಭಪಾತಕ್ಕೆ ಮುಟ್ಟಿತ್ತು. ನಾಳೆ ನಮ್ಮ ನ್ಯಾಯಾಧೀಶರೂ ಅದೇ ದಾರಿ ಹಿಡಿದರೆ ಎಂಬ ಭಯ ಐರ್ಲೆಂಡಿನ ಕೆಲವು ವೈದ್ಯರಿಗೆ, ವಕೀಲರಿಗೆ ಹತ್ತಿತು. ಸಾಮಾನ್ಯ ಕಾಯ್ದೆಯನ್ನು ಕೋರ್ಟು ಹೊಡೆದುಹಾಕಬಹುದು, ಸಂಸತ್ತು ಬದಲಿಸಬಹುದು. ಸಂವಿಧಾನವನ್ನು ಬದಲಿಸಬೇಕಾದರೆ ಮಾತ್ರ ಜನಮತಗಣನೆಯೇ ಆಗಬೇಕು. ಆದ್ದರಿಂದ ನಿಷೇಧವನ್ನು ಸಂವಿಧಾನದೊಳಗೇ ಇಟ್ಟು ಬೀಗ ಹಾಕಬೇಕು ಎಂದು ಅವರು ಯೋಚಿಸಿದರು.

1981ರ ಏಪ್ರಿಲ್‌ನಲ್ಲಿ ಹತ್ತಾರು ಸಂಘಟನೆಗಳು ಕೂಡಿ ‘ಪ್ರೊ-ಲೈಫ್ ಅಮೆಂಡ್‌ಮೆಂಟ್ ಕ್ಯಾಂಪೇನ್’ ಹುಟ್ಟಿತು. ಚಿಕ್ಕದಾಗಿ ‘ಪ್ಲ್ಯಾಕ್’. ಸ್ತ್ರೀರೋಗ ವೈದ್ಯೆ ಜೂಲಿಯಾ ವಾನ್ ಅಧ್ಯಕ್ಷೆ, ವಿಲಿಯಂ ಬಿಂಚಿ ಕಾನೂನು ಸಲಹೆಗಾರ. ಗುಂಪಿಗೆ ಶಾಸಕರಿರಲಿಲ್ಲ, ಪಕ್ಷವಿರಲಿಲ್ಲ. ಆದರೆ ಸಮಯ ನೋಡಿ ಬಾಗಿಲು ಬಡಿಯುವುದು ಗೊತ್ತಿತ್ತು. ಜೂನ್‌ನಲ್ಲಿ ಚುನಾವಣೆ ಇತ್ತು. ಗುಂಪಿನವರು ಎರಡು ದೊಡ್ಡ ಪಕ್ಷಗಳ ನಾಯಕರಾದ ಚಾರ್ಲ್ಸ್ ಹಾಹಿ ಮತ್ತು ಗ್ಯಾರೆಟ್ ಫಿಟ್ಜ್‌ಜೆರಾಲ್ಡ್ ಇಬ್ಬರನ್ನೂ ಕಂಡರು. ಕೆಲವೇ ವಾರಗಳಲ್ಲಿ ಇಬ್ಬರಿಂದಲೂ ತಿದ್ದುಪಡಿಯ ಮಾತು ಪಡೆದರು. ಒಬ್ಬರು ಒಪ್ಪಿದ ಮೇಲೆ ಇನ್ನೊಬ್ಬರು ಒಲ್ಲೆ ಎನ್ನುವಂತಿರಲಿಲ್ಲ. ಮುಂದಿನ ಹದಿನೆಂಟು ತಿಂಗಳಲ್ಲಿ ದೇಶ ಮೂರು ಚುನಾವಣೆ ಕಂಡಿತು. ಸರ್ಕಾರ ಬಿದ್ದಂತೆಲ್ಲ ಈ ಭರವಸೆಯ ಬೆಲೆ ಏರಿತು.

1982ರ ನವೆಂಬರ್ 2ರಂದು, ತಮ್ಮ ಸರ್ಕಾರ ಬೀಳುವುದಕ್ಕೆ ಎರಡು ದಿನ ಮೊದಲು, ಹಾಹಿ ತಿದ್ದುಪಡಿಯ ವಾಕ್ಯ ಪ್ರಕಟಿಸಿದರು. ಅದರ ಸಾರ ಇಷ್ಟು: ಹುಟ್ಟದಿರುವ ಜೀವದ ಬದುಕುವ ಹಕ್ಕನ್ನು ರಾಜ್ಯ ಒಪ್ಪುತ್ತದೆ, ತಾಯಿಯ ಸಮಾನ ಬದುಕುವ ಹಕ್ಕನ್ನೂ ಗಮನದಲ್ಲಿಟ್ಟು, ಕಾರ್ಯಸಾಧ್ಯವಾದಷ್ಟೂ ಕಾನೂನಿನ ಮೂಲಕ ಆ ಹಕ್ಕನ್ನು ಕಾಪಾಡುತ್ತದೆ. ಓದುವುದಕ್ಕೆ ಸರಳವಾಗಿತ್ತು. ಆದರೆ ‘ಹುಟ್ಟದಿರುವ ಜೀವ’ ಎಲ್ಲಿಂದ ಶುರು? ಎರಡು ಜೀವಗಳ ಹಕ್ಕು ಸಮಾನ ಎಂದಾದರೆ, ಎರಡರಲ್ಲಿ ಒಂದೇ ಉಳಿಯುವ ಹೊತ್ತಿನಲ್ಲಿ ವೈದ್ಯರು ಏನು ಮಾಡಬೇಕು? ವಾಕ್ಯ ಹೇಳಲಿಲ್ಲ.

ಇದನ್ನು ಮೊದಲೇ ಕಂಡವರಿದ್ದರು. ಫಿಟ್ಜ್‌ಜೆರಾಲ್ಡ್ ಪ್ರಧಾನಿಯಾದ ಮೇಲೆ ಅವರ ಅಟಾರ್ನಿ ಜನರಲ್ ಪೀಟರ್ ಸದರ್ಲೆಂಡ್ 1983ರ ಫೆಬ್ರುವರಿಯಲ್ಲಿ ಎಚ್ಚರಿಕೆ ಕೊಟ್ಟರು. ಈ ವಾಕ್ಯಕ್ಕೆ ಎರಡರ್ಥವಿದೆ, ಇದು ತಾಯಂದಿರ ಚಿಕಿತ್ಸೆಯ ವಿಷಯದಲ್ಲಿ ವೈದ್ಯರ ಕೈ ಕಟ್ಟಬಹುದು, ಬರೆಸಿದವರ ಉದ್ದೇಶಕ್ಕೇ ತಿರುಗಿಬೀಳಲೂಬಹುದು ಎಂಬುದು ಅವರ ಮಾತಿನ ತಿರುಳು. ಪ್ರಧಾನಿ ಬೇರೆ ವಾಕ್ಯ ತಂದರು. ಅವರದೇ ಮೈತ್ರಿಕೂಟದ ಕೆಲವರು ಎದುರು ಪಕ್ಷದ ಕಡೆ ಮತ ಹಾಕಿದ್ದರಿಂದ ಅದು ಬಿದ್ದುಹೋಯಿತು. ಸೆಪ್ಟೆಂಬರ್ 7ರಂದು ಜನಮತಗಣನೆ ನಡೆಯಿತು. ಮತದಾರರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಂದಿ ಬಂದಿದ್ದರು. ಹಾಕಿದ ಮತಗಳಲ್ಲಿ 66.9ರಷ್ಟು ಶೇಕಡಾ ತಿದ್ದುಪಡಿಯ ಪರ. ಎಂಟನೇ ತಿದ್ದುಪಡಿ ಸಂವಿಧಾನ ಸೇರಿತು.

ಶಾಸನದ ಕೆಲಸ ಮುಗಿದ ಮೇಲೆ ಕೋರ್ಟಿನ ಕೆಲಸ ಶುರುವಾಯಿತು. ಪ್ಲ್ಯಾಕ್ ಕೂಟದಲ್ಲಿದ್ದ ಇನ್ನೊಂದು ಸಂಘ ‘ಸೊಸೈಟಿ ಫಾರ್ ದಿ ಪ್ರೊಟೆಕ್ಷನ್ ಆಫ್ ಅನ್‌ಬಾರ್ನ್ ಚಿಲ್ಡ್ರನ್’, ಅಂದರೆ ‘ಸ್ಪಕ್’. ಐರಿಷ್ ಹೆಂಗಸರು ಗರ್ಭಪಾತಕ್ಕಾಗಿ ಸಮುದ್ರ ದಾಟಿ ಇಂಗ್ಲೆಂಡಿಗೆ ಹೋಗುತ್ತಿದ್ದರು. ಅವರಿಗೆ ಇಂಗ್ಲೆಂಡಿನ ಕ್ಲಿನಿಕ್ಕುಗಳ ವಿಳಾಸ ಕೊಡುತ್ತಿದ್ದ ಡಬ್ಲಿನ್‌ನ ಎರಡು ಸಲಹಾ ಕೇಂದ್ರಗಳ ಮೇಲೆ ಸ್ಪಕ್ 1985ರಲ್ಲಿ ದಾವೆ ಹೂಡಿತು. 1986ರಲ್ಲಿ ಹೈಕೋರ್ಟ್, 1988ರಲ್ಲಿ ಸುಪ್ರೀಂ ಕೋರ್ಟ್ ಸಂಘದ ಪರ ನಿಂತವು. ಹೊರದೇಶದ ಕ್ಲಿನಿಕ್ಕಿನ ಹೆಸರು, ವಿಳಾಸ ತಿಳಿಸಿ ನೆರವಾಗುವುದೂ ಸಂವಿಧಾನಕ್ಕೆ ವಿರುದ್ಧ ಎಂದಾಯಿತು. ಮುಂದಿನ ದಾವೆ, ಕೈಪಿಡಿಯಲ್ಲಿ ಅದೇ ವಿಳಾಸ ಅಚ್ಚು ಹಾಕಿದ ವಿದ್ಯಾರ್ಥಿ ಸಂಘಗಳ ಮೇಲೆ. ಅದು ಯುರೋಪಿನ ನ್ಯಾಯಾಲಯದವರೆಗೆ ಹೋಯಿತು. ವಿದ್ಯಾರ್ಥಿಗಳ ಪರ ವಾದಿಸಿದವರಲ್ಲಿ ಮುಂದೆ ರಾಷ್ಟ್ರಪತಿಯಾದ ಮೇರಿ ರಾಬಿನ್ಸನ್ ಇದ್ದರು. 1991ರಲ್ಲಿ ಆ ನ್ಯಾಯಾಲಯ, ವಿದ್ಯಾರ್ಥಿಗಳಿಗೂ ಕ್ಲಿನಿಕ್ಕುಗಳಿಗೂ ವ್ಯವಹಾರದ ನಂಟಿಲ್ಲವಾದ್ದರಿಂದ ಐರ್ಲೆಂಡಿನ ನಿಷೇಧ ಯುರೋಪಿನ ಒಪ್ಪಂದಕ್ಕೆ ಅಡ್ಡಿಯಲ್ಲ ಎಂದಿತು.

ಪತ್ರಿಕೆಯವರಾದ ನಮಗೆ ಇಲ್ಲಿ ಒಂದು ವಿವರ ಮುಖ್ಯ. ಬ್ರಿಟನ್ನಿನ ‘ಕಾಸ್ಮೊಪಾಲಿಟನ್’ ಮಾಸಿಕದ ಐರಿಷ್ ಪ್ರತಿಗಳಲ್ಲಿ ಗರ್ಭಪಾತ ಕ್ಲಿನಿಕ್ಕುಗಳ ಜಾಹೀರಾತು ಇರಬೇಕಾದ ಪುಟ ಖಾಲಿ ಬಂತು. ಸಂವಿಧಾನದ ಒಂದು ವಾಕ್ಯ ಹತ್ತು ವರ್ಷದೊಳಗೆ ಅಚ್ಚಿನ ಮನೆಗೂ ಬಂದಿತ್ತು.

1992ರಲ್ಲಿ ಸದರ್ಲೆಂಡ್ ಹೇಳಿದ್ದು ನಿಜವಾಯಿತು. ಅತ್ಯಾಚಾರದಿಂದ ಗರ್ಭಿಣಿಯಾದ 14 ವರ್ಷದ ಹುಡುಗಿಯನ್ನು ತಂದೆತಾಯಿ ಇಂಗ್ಲೆಂಡಿಗೆ ಕರೆದೊಯ್ದಿದ್ದರು. ಭ್ರೂಣದ ಡಿಎನ್‌ಎ ಆರೋಪಿಯ ವಿರುದ್ಧ ಸಾಕ್ಷ್ಯವಾದೀತೇ ಎಂದು ಅವರೇ ಪೊಲೀಸರನ್ನು ಕೇಳಿದ್ದರಿಂದ ವಿಷಯ ಹೊರಬಿತ್ತು. ಅಟಾರ್ನಿ ಜನರಲ್ ಹೈಕೋರ್ಟಿಗೆ ಹೋದರು. ಹುಡುಗಿ ದೇಶ ಬಿಡಬಾರದೆಂದು ತಡೆಯಾಜ್ಞೆ ಬಂತು. ಅವಳು ಸಾಯುತ್ತೇನೆ ಎನ್ನುತ್ತಿದ್ದಳು. ಫೆಬ್ರುವರಿ 26ರಂದು ಸುಪ್ರೀಂ ಕೋರ್ಟ್ ತಡೆಯಾಜ್ಞೆ ತೆಗೆಯಿತು. ತಾಯಿಯ ಜೀವಕ್ಕೆ ನಿಜವಾದ, ಗಣನೀಯ ಅಪಾಯವಿದ್ದರೆ, ಅದು ಆತ್ಮಹತ್ಯೆಯ ಅಪಾಯವಾದರೂ ಸರಿ, ಗರ್ಭಪಾತ ಸಂವಿಧಾನಬದ್ಧ ಎಂದಿತು. ಗರ್ಭಪಾತಕ್ಕೆ ಬೀಗ ಹಾಕಲು ಬರೆಸಿದ ವಾಕ್ಯದಿಂದಲೇ ಗರ್ಭಪಾತದ ಹಕ್ಕು ಹುಟ್ಟಿತು. ‘ತಾಯಿಯ ಸಮಾನ ಹಕ್ಕು’ ಎಂಬ ಮಾತನ್ನು ನ್ಯಾಯಾಧೀಶರು ಅಕ್ಷರಶಃ ತೆಗೆದುಕೊಂಡಿದ್ದರು.

ಅದೇ ನವೆಂಬರ್‌ನಲ್ಲಿ ಮತ್ತೆ ಜನಮತಗಣನೆ ನಡೆಯಿತು. ಹೊರದೇಶಕ್ಕೆ ಹೋಗುವ ಸ್ವಾತಂತ್ರ್ಯ, ಮಾಹಿತಿ ಪಡೆಯುವ ಸ್ವಾತಂತ್ರ್ಯ ಎರಡನ್ನೂ ಜನ ಒಪ್ಪಿದರು. ಆತ್ಮಹತ್ಯೆಯ ಕಾರಣವನ್ನು ಕಿತ್ತುಹಾಕುವ ತಿದ್ದುಪಡಿಯನ್ನು ಒಪ್ಪಲಿಲ್ಲ. 2002ರಲ್ಲಿ ಅದನ್ನೇ ಇನ್ನೊಮ್ಮೆ ಕೇಳಿದಾಗಲೂ, ಶೇಕಡಾ ಒಂದಕ್ಕಿಂತ ಕಡಿಮೆ ಅಂತರದಲ್ಲಿ, ತಿರಸ್ಕರಿಸಿದರು. ಕೋರ್ಟು ಕೊಟ್ಟ ಹಕ್ಕನ್ನು ವೈದ್ಯರು ಹೇಗೆ ಜಾರಿ ಮಾಡಬೇಕು ಎಂಬ ಕಾಯ್ದೆಯನ್ನಂತೂ ಯಾವ ಸರ್ಕಾರವೂ ಮಾಡಲಿಲ್ಲ. ಹೀಗೆ ಇಪ್ಪತ್ತು ವರ್ಷ ಕಳೆಯಿತು. ಒಂದು ಕಡೆ ಜೀವಾವಧಿ ಶಿಕ್ಷೆಯ 1861ರ ಕಾಯ್ದೆ, ಇನ್ನೊಂದು ಕಡೆ ಅರ್ಥ ಗೊತ್ತಿಲ್ಲದ ಸಂವಿಧಾನದ ವಾಕ್ಯ. ಇವೆರಡರ ನಡುವೆ ವೈದ್ಯರು ನಿಂತಿದ್ದರು. 1980ರಿಂದ 2016ರೊಳಗೆ ಸುಮಾರು 1,70,000 ಹೆಂಗಸರು ಬ್ರಿಟನ್ನಿಗೆ ಹೋಗಿ ಬಂದರು. ಹೋಗಲು ಆಗದವರು ಉಳಿದರು. 2012ರ ಅಕ್ಟೋಬರ್ 21ರಂದು ಆಸ್ಪತ್ರೆ ಸೇರಿದ ಸವಿತಾ ಹಾಗೆ ಉಳಿದವರಲ್ಲಿ ಒಬ್ಬರು.

ಇಲ್ಲಿ ನಾವು ನ್ಯಾಯವಾಗಿ ಬರೆಯಬೇಕು. ಸವಿತಾ ಸತ್ತದ್ದು ಕಾನೂನಿನಿಂದಲ್ಲ, ನಂಜನ್ನು ಸಮಯಕ್ಕೆ ಗುರುತಿಸದ ಆಸ್ಪತ್ರೆಯ ಲೋಪದಿಂದ ಎಂದು ಗರ್ಭಪಾತ ವಿರೋಧಿ ಸಂಘಗಳು ವಾದಿಸಿದವು. ಆ ಮಾತಿನಲ್ಲಿ ಸತ್ಯವಿದೆ. ಆರೋಗ್ಯ ಗುಣಮಟ್ಟ ಪ್ರಾಧಿಕಾರದ 2013ರ ವರದಿ, ಕೈತಪ್ಪಿದ 13 ಅವಕಾಶಗಳನ್ನು ಪಟ್ಟಿ ಮಾಡಿತು. ಮರಣ ವಿಚಾರಣೆಯ ಜ್ಯೂರಿ ಇದನ್ನು ವೈದ್ಯಕೀಯ ಅವಘಡ ಎಂದು ಕರೆಯಿತು. ಆದರೆ ಅದೇ ವಿಚಾರಣೆಯಲ್ಲಿ ತಜ್ಞ ವೈದ್ಯ ಪೀಟರ್ ಬಾಯ್ಲನ್ ಇನ್ನೊಂದು ಮಾತು ಹೇಳಿದರು. ಮೊದಲ ಒಂದೆರಡು ದಿನದಲ್ಲೇ ಗರ್ಭ ತೆಗೆದಿದ್ದರೆ ಆಕೆ ಬದುಕಿರುವ ಸಾಧ್ಯತೆಯೇ ಹೆಚ್ಚು. ಆದರೆ ಆಗ ಆಕೆಯ ಜೀವಕ್ಕೆ ಅಪಾಯವಿರಲಿಲ್ಲವಾದ್ದರಿಂದ ಕಾನೂನು ಬಿಡುತ್ತಿರಲಿಲ್ಲ. ಅಪಾಯ ಬಂದಾಗ ಹೊತ್ತು ಮೀರಿತ್ತು. ಎರಡೂ ಒಟ್ಟಿಗೆ ನಿಜ. ಕಾನೂನು ಕಾಯಲು ಹೇಳಿತು. ಕಾಯುವಾಗ ಕಣ್ಣಿಟ್ಟು ನೋಡಬೇಕಾದವರು ನೋಡಲಿಲ್ಲ.

ಮುಂದಿನದು ವೇಗವಾಗಿ ನಡೆಯಿತು. 2013ರಲ್ಲಿ, ತಾಯಿಯ ಜೀವಾಪಾಯದ ಸಂದರ್ಭಕ್ಕೆ ಮಾತ್ರ ಅನ್ವಯಿಸುವ ಕಾಯ್ದೆ ಬಂತು. 1992ರಲ್ಲಿ ಹುಟ್ಟಿದ ‘ಪ್ರೊ ಲೈಫ್ ಕ್ಯಾಂಪೇನ್’ ಅದನ್ನೂ ವಿರೋಧಿಸಿತು. 2014ರ ಡಿಸೆಂಬರ್‌ನಲ್ಲಿ, ಮಿದುಳು ಸತ್ತ ಗರ್ಭಿಣಿಯೊಬ್ಬರ ದೇಹವನ್ನು ಯಂತ್ರದಲ್ಲಿ ಇಟ್ಟಿರಬೇಕೋ ಬೇಡವೋ ಎಂದು ವೈದ್ಯರಿಗೆ ತಿಳಿಯದೆ, ಕುಟುಂಬ ಹೈಕೋರ್ಟಿನಲ್ಲಿ ಅಪ್ಪಣೆ ಪಡೆಯಬೇಕಾಯಿತು. 1983ರಲ್ಲಿ ಮತ ಹಾಕಿದವರಾರೂ ಇದನ್ನು ಊಹಿಸಿರಲಿಕ್ಕಿಲ್ಲ. ಕೊನೆಗೆ 99 ಸಾಮಾನ್ಯ ನಾಗರಿಕರ ಸಭೆ ಕೂತು, ತಿದ್ದುಪಡಿ ಹೋಗಬೇಕು ಎಂದಿತು. 2018ರ ಮೇ 25ರ ಜನಮತಗಣನೆಗೆ ಮುನ್ನ ಸವಿತಾ ಅವರ ತಂದೆ ಬೆಳಗಾವಿಯಿಂದಲೇ, ‘ನನ್ನ ಮಗಳನ್ನು ನೆನೆದು ಮತ ಹಾಕಿ’ ಎಂಬರ್ಥದಲ್ಲಿ ಐರಿಷ್ ಜನರನ್ನು ಕೇಳಿಕೊಂಡರು. ಶೇಕಡಾ 66.4 ಮಂದಿ ತೆಗೆದುಹಾಕಿ ಎಂದರು. ಸೇರಿಸಿದಾಗಿನ ಅಂಕಿಯೂ ಹೆಚ್ಚುಕಡಿಮೆ ಅಷ್ಟೇ. 2019ರ ಜನವರಿ 1ರಿಂದ 12 ವಾರದವರೆಗೆ ಕಾರಣ ಕೇಳದೆ ಗರ್ಭಪಾತ ಅಲ್ಲಿ ಕಾನೂನುಬದ್ಧ.

ಪ್ಲ್ಯಾಕ್‌ನವರು ಕೆಟ್ಟವರಾಗಿದ್ದರು ಎಂದು ಹೇಳಲು ಇದನ್ನು ಬರೆಯಲಿಲ್ಲ. ಹುಟ್ಟದ ಮಗುವಿನ ಮೇಲಿನ ಅವರ ಕಾಳಜಿ ಪ್ರಾಮಾಣಿಕವೇ ಇರಬಹುದು. ಅವರ ಕೆಲಸವೂ ಪ್ರಜಾಪ್ರಭುತ್ವದ ರೀತಿಯಲ್ಲೇ ನಡೆಯಿತು. ಅವರು ಮಾಡಿದ ತಪ್ಪು ಬೇರೆ. ಮುಂದೆ ಬರುವ ಪ್ರತಿಯೊಬ್ಬ ಬಸುರಿಯ ಪ್ರತಿಯೊಂದು ಸಂಕಟಕ್ಕೂ ಒಂದೇ ವಾಕ್ಯದಲ್ಲಿ ಈಗಲೇ ಉತ್ತರ ಬರೆದಿಡಬಹುದು ಎಂದುಕೊಂಡರು. ಬರೆದ ಮೇಲೆ ವಾಕ್ಯ ಅವರ ಕೈಯಲ್ಲಿ ಉಳಿಯಲಿಲ್ಲ. ತೆಗೆಯಲು 35 ವರ್ಷ ಹಿಡಿಯಿತು.

ನಮ್ಮ ಕೆಲಸಕ್ಕೂ ಇದರಲ್ಲಿ ಪಾಠವಿದೆ. ನಮ್ಮ ಜಿಲ್ಲಾ ಸುದ್ದಿಗಳಲ್ಲಿ ‘ಭ್ರೂಣಹತ್ಯೆ’ ಎಂಬ ಒಂದೇ ಪದ ಎರಡು ಬೇರೆ ವಿಷಯಗಳಿಗೆ ಓಡಾಡುತ್ತದೆ. ಹೆಣ್ಣೆಂದು ಪತ್ತೆ ಹಚ್ಚಿ ತೆಗೆಸುವುದು ಒಂದು. ಅದರ ಮೊದಲ ಹೆಜ್ಜೆಯಾದ ಲಿಂಗಪತ್ತೆ 1994ರ ಕಾಯ್ದೆಯಡಿ ಅಪರಾಧ. 1971ರ ಕಾಯ್ದೆಯಡಿ ವೈದ್ಯರು ಮಾಡುವ ಗರ್ಭಪಾತ ಇನ್ನೊಂದು. ಅದಕ್ಕೆ ವಯಸ್ಕ ಹೆಂಗಸಿನ ಒಪ್ಪಿಗೆ ಸಾಕು, ಗಂಡನ ಸಹಿ ಬೇಕಿಲ್ಲ. ಎರಡಕ್ಕೂ ಹತ್ಯೆ ಎಂದು ತಲೆಬರಹ ಕೊಟ್ಟರೆ, ಸರ್ಕಾರಿ ಆಸ್ಪತ್ರೆಯ ಬಾಗಿಲಿಗೆ ಬಂದ ಹೆಂಗಸು ಹಾಗೇ ಹಿಂದಿರುಗಿ ಹೋಗಬಹುದು, ವೈದ್ಯರು ನಮಗ್ಯಾಕೆ ಬೇಕು ಎನ್ನಬಹುದು. ಕಾನೂನು ಬಿಟ್ಟದ್ದನ್ನು ನಮ್ಮ ಪದ ತಡೆಯುತ್ತದೆ. ಗಾಲ್ವೇಯ ಆಸ್ಪತ್ರೆಯಲ್ಲಿ ನಮ್ಮ ಜಿಲ್ಲೆಯ ಮಗಳಿಗೆ ಆದದ್ದನ್ನು ಓದಿದವರು, ಮುಂದಿನ ಸಲ ಆ ಪದ ಟೈಪ್ ಮಾಡುವ ಮೊದಲು ಒಂದು ಗಳಿಗೆ ನಿಲ್ಲಬೇಕು.