ತುಪ್ಪದ ಮೇಲಿನ ಸುಂಕ

ಮುನ್ಸಿಪಾಲ್ಟಿಯ ಲೆಕ್ಕಪತ್ರ ವಿಭಾಗದಲ್ಲಿ ತಲೆ ನರೆಸಿಕೊಂಡವನು ನಾನು. ಯಾವ ಊರಿಗೆ ಹೋದರೂ ಗುಡಿ, ಗೋಪುರ ನೋಡುವ ಮೊದಲು ನನಗೆ ಹುಟ್ಟುವ ಪ್ರಶ್ನೆ ಒಂದೇ: ಇದಕ್ಕೆ ದುಡ್ಡು ಯಾವ ಬಾಬಿನಿಂದ ಬಂತು, ಬಿಲ್ಲಿಗೆ ಸಹಿ ಹಾಕಿದವರು ಯಾರು? ಮಗಳು ಅಹಮದಾಬಾದಿನಲ್ಲಿ ಮನೆ ಮಾಡಿದ ಮೇಲೆ ಗುಜರಾತಿನ ಮೂರು ನಗರಗಳಿಗೂ ಈ ಪ್ರಶ್ನೆ ಕೇಳುವ ಭಾಗ್ಯ ಸಿಕ್ಕಿತು. ಅವು ಪೂರಾ ಪರಕೀಯ ಅನ್ನಿಸಲೂ ಇಲ್ಲ. 1956ರವರೆಗೆ ನಮ್ಮ ಧಾರವಾಡ ಸೀಮೆ, ಅವರ ಅಹಮದಾಬಾದ್, ಸೂರತ್ ಎಲ್ಲವೂ ಮುಂಬಯಿಯ ಆಳ್ವಿಕೆಯಲ್ಲೇ ಇದ್ದವು. 1901ರ ಮುಂಬಯಿ ಜಿಲ್ಲಾ ಮುನ್ಸಿಪಲ್ ಕಾಯ್ದೆ, 1925ರ ಬರೋ ಕಾಯ್ದೆ ಎರಡೂ ಕಡೆಗೆ ಒಂದೇ. ನಮ್ಮಲ್ಲಿ ಸಭೆ ಮಾಡುತ್ತಿದ್ದ ಠರಾವನ್ನು ಅವರೂ ಠರಾವೆಂದೇ ಕರೆಯುತ್ತಾರೆ. ಬಡೋದೆ, ಅಂದರೆ ಈಗಿನ ವಡೋದರಾ, ಮಾತ್ರ ಮಹಾರಾಜರ ಸಂಸ್ಥಾನ, ಅದರ ಲೆಕ್ಕವೇ ಬೇರೆ.

ಅಹಮದಾಬಾದಿನ ಪೌರಾಡಳಿತ ಶುರುವಾದದ್ದು ತುಪ್ಪದಿಂದ. ನಗೆಯಾಡುತ್ತಿಲ್ಲ. 1830ರ ಹೊತ್ತಿಗೆ ಸುಲ್ತಾನರ ಕಾಲದ ಕೋಟೆಗೋಡೆ ಅಲ್ಲಲ್ಲಿ ಕುಸಿದಿತ್ತು. ದುರಸ್ತಿಗೆ ಕುಂಪಣಿ ಸರ್ಕಾರ ಗಂಟು ಬಿಚ್ಚುವ ಹಾಗಿರಲಿಲ್ಲ. ಅಧಿಕಾರಿಗಳೂ ಊರಿನ ಪ್ರಮುಖರೂ ಸೇರಿದ ಒಂದು ಸಮಿತಿ ಕೋಟೆಗೋಡೆ ನಿಧಿ ತೆರೆದು, ಊರೊಳಗೆ ಬರುವ ತುಪ್ಪ ಮತ್ತು ಇತರ ಕೆಲವು ಸರಕಿನ ಮೇಲೆ ಸಣ್ಣ ಸುಂಕ ಹಾಕಿತು. ಸುಮಾರು ಎರಡೂವರೆ ಲಕ್ಷ ರೂಪಾಯಿ ಖರ್ಚಿನಲ್ಲಿ ಗೋಡೆ ಎದ್ದು ನಿಂತಿತು. ಗೋಡೆ ಮುಗಿಯಿತು, ಸುಂಕ ಮುಗಿಯಲಿಲ್ಲ. ಉಳಿದ ಹಣ ಊರಿನ ಇತರ ಕೆಲಸಗಳಿಗೆ ಹರಿಯಿತು. 1850ರ ದಶಕದ ಕೊನೆಗೆ ಮುನ್ಸಿಪಾಲಿಟಿ ಬಂದಾಗ ಅದಕ್ಕೆ ಸಿದ್ಧವಾಗಿ ಸಿಕ್ಕಿದ್ದು ಈ ವಸೂಲಿಯ ರೂಢಿ. ನಮ್ಮ ಕಡೆ ಜಕಾತಿ ಎನ್ನುತ್ತಿದ್ದೆವಲ್ಲ, ಅದೇ. ಒಂದು ಕೆಲಸಕ್ಕೆಂದು ಹಾಕಿದ ಕರ ಆ ಕೆಲಸ ತೀರಿದ ಮೇಲೂ ಉಳಿದುಕೊಳ್ಳುವುದನ್ನು ನನ್ನ ನೌಕರಿಯಲ್ಲೂ ಕಂಡಿದ್ದೇನೆ. ಅಹಮದಾಬಾದಿನಲ್ಲಿ ಅದು 170 ವರ್ಷಕ್ಕೂ ಹೆಚ್ಚು ಕಾಲ ಬದುಕಿತು.

ಮುನ್ಸಿಪಾಲಿಟಿಗೆ ನಿಜವಾದ ಪರೀಕ್ಷೆ ಬಂದದ್ದು ನೀರು ಮತ್ತು ಚರಂಡಿಯ ವಿಷಯದಲ್ಲಿ. ಹಳೆಯ ಊರಿನ ಪೋಳಗಳಲ್ಲಿ, ಅಂದರೆ ಹೆಬ್ಬಾಗಿಲು ಹಾಕಿಕೊಂಡು ಒಂದೇ ಜಾತಿಯೋ ಕಸುಬೋ ಇರುವವರು ಒಟ್ಟಾಗಿ ವಾಸಿಸುವ ಓಣಿಗಳಲ್ಲಿ, ಅನುಕೂಲಸ್ಥರ ಅಂಗಳದಡಿ ಮಳೆನೀರಿನ ಟಾಂಕಾ ಇರುತ್ತಿತ್ತು. ಉಳಿದವರಿಗೆ ಬಾವಿ. ಬಚ್ಚಲ ನೀರೆಲ್ಲ ಖಾಳಕೂವಾ ಎಂಬ ಇಂಗುಗುಂಡಿಗೆ, ಗುಂಡಿಯಿಂದ ಮಣ್ಣಿಗೆ, ಮಣ್ಣಿನಿಂದ ಮತ್ತೆ ಅದೇ ಬಾವಿಗೆ. ಇದನ್ನು ತಪ್ಪಿಸಬೇಕೆಂದು ಹಟ ಹಿಡಿದವರು ರಣಛೋಡ್‌ಲಾಲ್ ಛೋಟಾಲಾಲ್. 1861ರಲ್ಲಿ ಆ ಊರಿಗೆ ಮೊದಲ ಹತ್ತಿಗಿರಣಿ ತಂದ ನಾಗರ ಬ್ರಾಹ್ಮಣ, 1880ರ ದಶಕದಲ್ಲಿ ಮುನ್ಸಿಪಾಲಿಟಿಯ ಅಧ್ಯಕ್ಷ. ಅವರು ತರಹೊರಟ ಕೊಳವೆ ನೀರಿಗೆ ವಿರೋಧ ಎರಡು ಕಡೆಯಿಂದ ಬಂತು. ಮಡಿವಂತರಿಗೆ ಮೈಲಿಗೆಯ ಭಯ, ಆಸ್ತಿವಂತರಿಗೆ ಕರದ ಭಯ. ನನ್ನ ಅನುಭವದಲ್ಲಿ ಎರಡನೆಯ ಭಯವೇ ಮೊದಲನೆಯದಕ್ಕೆ ದನಿ ಕೊಡುತ್ತದೆ. ದೂರದ ಲಂಡನ್ನಿನಿಂದ ಫ್ಲಾರೆನ್ಸ್ ನೈಟಿಂಗೇಲ್ ರಣಛೋಡ್‌ಲಾಲರ ಜೊತೆ ಪತ್ರ ವ್ಯವಹಾರ ನಡೆಸಿ ಬೆಂಬಲಿಸಿದರು. 1891ರಲ್ಲಿ ದೂಧೇಶ್ವರದ ಬಳಿ ಸಾಬರಮತಿಯ ಪಾತ್ರದಲ್ಲಿ ತೋಡಿದ ಬಾವಿಗಳಿಂದ ನೀರು ಊರಿಗೆ ಏರಿತು. ಬೈಯುತ್ತಿದ್ದ ಮನೆಗಳೂ ನಲ್ಲಿ ಹಾಕಿಸಿಕೊಂಡವು.

ಮರುವರ್ಷದ ಕಥೆಯೊಂದನ್ನು ನಾನು ಕೆಲಸ ಮಾಡಿದ ಕಚೇರಿಯ ಗೋಡೆಗೆ ಬರೆಸಬೇಕಿತ್ತು. ಸಾಬರಮತಿಗೆ 1870ರ ಸುಮಾರಿಗೆ ಬ್ರಿಟಿಷ್ ಎಂಜಿನಿಯರರು ಐದೂವರೆ ಲಕ್ಷದಷ್ಟು ಸುರಿದು ಮರದ ಸೇತುವೆ ಕಟ್ಟಿದ್ದರು. 1875ರ ಮಹಾಪೂರ ಅದನ್ನು ಎತ್ತಿಕೊಂಡು ಹೋಯಿತು. ಹೊಸದಾಗಿ ಕಬ್ಬಿಣದ ಸೇತುವೆಯ ಹೊಣೆ ಬಂದದ್ದು ಹಿಮ್ಮತ್‌ಲಾಲ್ ಧೀರಜ್‌ರಾಮ್ ಭಚೇಚ್ ಎಂಬ ಎಂಜಿನಿಯರನಿಗೆ. ಉಕ್ಕು ಬರ್ಮಿಂಗ್‌ಹ್ಯಾಮಿನಿಂದ ಬಂತು. ಅಂದಾಜು ಐದು ಲಕ್ಷ. 1892ರಲ್ಲಿ ಕೆಲಸ ಮುಗಿದಾಗ ಖರ್ಚಾದದ್ದು ನಾಲ್ಕು ಲಕ್ಷದ ಏಳು ಸಾವಿರ ಚಿಲ್ಲರೆ.

ಉಳಿತಾಯ ಕಂಡ ಸರ್ಕಾರಕ್ಕೆ ಸಂಶಯ ಬಂತು! ಮಾಲು ಕಳಪೆ ಇರಬೇಕು, ಇಲ್ಲದಿದ್ದರೆ ಹಣ ಹೇಗೆ ಉಳಿಯಿತು? ವಿಚಾರಣೆಗೆ ಸಮಿತಿ ನೇಮಿಸಿದರು. ಸಮಿತಿ ನೋಡಿತು, ಪರೀಕ್ಷಿಸಿತು, ಕೆಲಸ ಉತ್ತಮ ದರ್ಜೆಯದೆಂದು ವರದಿ ಕೊಟ್ಟಿತು. ಭಚೇಚನಿಗೆ ರಾವ್ ಸಾಹೇಬ ಪದವಿ ಸಂದಿತು. ಕಾಮಗಾರಿಯ ಅಳತೆ ಬರೆಯುವ ಎಂ.ಬಿ. ಪುಸ್ತಕಕ್ಕೂ ಬಿಲ್ಲಿಗೂ ತಾಳೆ ನೋಡುತ್ತಾ ವಯಸ್ಸು ಕಳೆದ ನನಗೆ ಈ ಕಥೆಯಲ್ಲಿ ಸರ್ಕಾರದ ಮೇಲೆ ಸಿಟ್ಟು ಬರುವುದಿಲ್ಲ. ಅಂದಾಜಿಗಿಂತ ಹೆಚ್ಚಾದರೆ ವಿವರಣೆ ಕೇಳುವುದು, ಹೆಚ್ಚುವರಿ ಮೊತ್ತಕ್ಕೆ ಮಂಜೂರಾತಿ ಪಡೆಯುವುದು ನಮ್ಮ ಪದ್ಧತಿ. ಕಡಿಮೆಯಾದರೆ ಯಾರೂ ಕೇಳುವುದಿಲ್ಲ, ಕೇಳುವ ಪ್ರಸಂಗವೂ ಬರುವುದಿಲ್ಲ. ಅಲ್ಲಿ ಕೇಳಿದರು, ಉತ್ತರ ಸಿಕ್ಕಿತು. ಎಲ್ಲಿಸ್ ಬ್ರಿಜ್ ಎಂಬ ಆ ಸೇತುವೆ 1973ರ ನೆರೆಯನ್ನೂ ತಡೆದುಕೊಂಡಿತು. 1990ರ ದಶಕದ ಕೊನೆಯಲ್ಲಿ ಅದರ ಎರಡೂ ಬದಿಗೆ ಹೊಸ ಕಾಂಕ್ರೀಟು ಸೇತುವೆಗಳು ಬಂದು ವಾಹನಗಳೆಲ್ಲ ಅತ್ತ ಹೊರಳಿದವು. ಭಚೇಚನ ಉಕ್ಕಿನ ಕಮಾನುಗಳು ಈಗ ಅವುಗಳ ನಡುವೆ ನಿವೃತ್ತ ಹೆಡ್‌ಮಾಸ್ತರರಂತೆ ನಿಂತಿವೆ.

ಅದೇ 1892ರಲ್ಲಿ ಬಡೋದೆಗೂ ನೀರು ಬಂತು, ಆದರೆ ಅಲ್ಲಿ ಬಹುಮತ ಬೇಕಿರಲಿಲ್ಲ. ಮೂರನೆಯ ಸಯಾಜಿರಾವ್ ಗಾಯಕವಾಡರು ಮನಸ್ಸು ಮಾಡಿದರು, ಊರಿನ ಪೂರ್ವಕ್ಕೆ ಆಜವಾದಲ್ಲಿ ಕೆರೆ ಕಟ್ಟಿಸಿದರು, ಜಗನ್ನಾಥ ಸದಾಶಿವ ಎಂಬ ಸಂಸ್ಥಾನದ ಎಂಜಿನಿಯರು ಅದರ ಯೋಜನೆ ಹೊತ್ತರು. ಆಗಿನ ಜನಸಂಖ್ಯೆಗಿಂತ ಬಹಳ ಹೆಚ್ಚಿನ ಜನಕ್ಕೆ ಸಾಕಾಗುವಂತೆ ಕಟ್ಟಿದ್ದರಿಂದ ಇಂದಿಗೂ ನಗರದ ಒಂದು ಭಾಗ ಆ ನೀರು ಕುಡಿಯುತ್ತಿದೆ. ಒಬ್ಬರ ಸಹಿಯಲ್ಲಿ ಕೆಲಸ ಬೇಗ ಆಗುತ್ತದೆ ಎನ್ನುವವರಿಗೆ ಇದು ಇಷ್ಟದ ಉದಾಹರಣೆ. ಎಲ್ಲ ಅರಸರೂ ಸಯಾಜಿರಾಯರಲ್ಲ ಎಂದಷ್ಟೇ ನಾನು ಹೇಳಬಲ್ಲೆ.

ಮುನ್ಸಿಪಾಲಿಟಿಯಲ್ಲಿ ಸೂರತ್ ಅಹಮದಾಬಾದಿಗಿಂತ ಹಿರಿಯದು, 1852ರದು. ಅಲ್ಲಿನ ತಾಪಿ ನದಿಗೆ 1877ರಲ್ಲಿ ಹೋಪ್ ಸೇತುವೆ ಬಿತ್ತು. ನಮ್ಮ ವಿಶ್ವೇಶ್ವರಯ್ಯನವರು ಸಿಂಧ್‌ನ ಸುಕ್ಕೂರಿನ ನೀರಿನ ಕೆಲಸ ಮುಗಿಸಿ 1890ರ ದಶಕದ ನಡುವೆ ಸ್ವಲ್ಪ ಕಾಲ ಸೂರತ್ತಿನಲ್ಲಿ ಎಂಜಿನಿಯರಾಗಿದ್ದರು. ಕೃಷ್ಣರಾಜಸಾಗರದ ಮಾತು ಬಂದಾಗ ಆ ದಿನಗಳನ್ನು ಯಾರೂ ನೆನೆಯುವುದಿಲ್ಲ.

ಮತ್ತೆ ಅಹಮದಾಬಾದಿಗೆ. 1917ರಲ್ಲಿ ದರಿಯಾಪುರದಿಂದ ಒಂದೇ ಮತದ ಅಂತರದಲ್ಲಿ ಗೆದ್ದು ಬಂದ ವಕೀಲ ವಲ್ಲಭಭಾಯಿ ಪಟೇಲರು ಮೊದಲು ಕೈಹಾಕಿದ್ದು ನೈರ್ಮಲ್ಯ ಸಮಿತಿಗೆ. 1924ರಿಂದ 1928ರವರೆಗೆ ಅಧ್ಯಕ್ಷರು. ಸರದಾರರ ಜೀವನಚರಿತ್ರೆಗಳಲ್ಲಿ ಬಾರ್ಡೋಲಿ ಸತ್ಯಾಗ್ರಹ ದೊಡ್ಡ ಅಧ್ಯಾಯ, ಜಮಾಲ್‌ಪುರದ ನಗರ ಯೋಜನೆ ಸಣ್ಣ ಸಾಲು. ನನಗೆ ಸಣ್ಣ ಸಾಲಿನಲ್ಲೇ ಆಸಕ್ತಿ. 1915ರ ಮುಂಬಯಿ ನಗರ ಯೋಜನಾ ಕಾಯ್ದೆಯಲ್ಲಿ ಜಮೀನನ್ನು ಕಸಿದುಕೊಳ್ಳುವುದಿಲ್ಲ. ಎಲ್ಲರ ತುಂಡುಗಳನ್ನೂ ಒಟ್ಟುಗೂಡಿಸಿ, ರಸ್ತೆಗೆ, ಚರಂಡಿಗೆ, ಉದ್ಯಾನಕ್ಕೆ ಬೇಕಾದಷ್ಟು ತೆಗೆದು, ಉಳಿದದ್ದನ್ನು ಚೌಕ ಮಾಡಿ ಮಾಲೀಕರಿಗೇ ಮರಳಿ ಕೊಡುತ್ತಾರೆ. ನಿವೇಶನ ಕಿರಿದಾಗುತ್ತದೆ, ಬೆಲೆ ಏರುತ್ತದೆ, ಏರಿದ ಬೆಲೆಯಲ್ಲಿ ಪಾಲನ್ನು ಸುಧಾರಣಾ ವಂತಿಗೆಯಾಗಿ ಪಡೆಯುತ್ತಾರೆ. ಜಮಾಲ್‌ಪುರದಲ್ಲಿ ಹಾಗೆ ಶುರುವಾದ ಪದ್ಧತಿ ಗುಜರಾತಿನ 1976ರ ಕಾಯ್ದೆಗೂ ಬಂತು. ಅಹಮದಾಬಾದಿನ 76 ಕಿಲೋಮೀಟರಿನ ಸರದಾರ್ ಪಟೇಲ್ ವರ್ತುಲ ರಸ್ತೆಗೆ ಜಾಗ ಸಿಕ್ಕಿದ್ದೂ ಬಹುಪಾಲು ಇದರಿಂದಲೇ. ನಮ್ಮ 1961ರ ಕಾಯ್ದೆಯಲ್ಲೂ ಈ ಅಧ್ಯಾಯ ಇದೆ. ಇದೆ, ಅಷ್ಟೇ. ನಾವು ಭೂಸ್ವಾಧೀನದ ನೋಟಿಸು ಕೊಟ್ಟು, ರೈತ ಕೋರ್ಟಿಗೆ ಹೋಗಿ, ಬಡಾವಣೆ ಇಪ್ಪತ್ತು ವರ್ಷ ನೆನೆಗುದಿಗೆ ಬೀಳುವ ದಾರಿಯನ್ನೇ ಆರಿಸಿಕೊಂಡೆವು.

1994ರ ಸೆಪ್ಟೆಂಬರಿನಲ್ಲಿ ಸೂರತ್ತಿನಲ್ಲಿ ಪ್ಲೇಗ್. ಜನ ರೈಲು ಹತ್ತಿ ಊರು ಬಿಟ್ಟರು. 1995ರಲ್ಲಿ ಕಮಿಷನರಾಗಿ ಬಂದ ಎಸ್.ಆರ್. ರಾವ್ ಅವರ ಬಗ್ಗೆ ಕಸ ಗುಡಿಸಿದ ಕಥೆಯನ್ನೇ ಎಲ್ಲರೂ ಹೇಳುತ್ತಾರೆ. ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ನಗರವನ್ನು ಆರು ವಲಯ ಮಾಡಿ, ಪ್ರತಿ ವಲಯದ ಅಧಿಕಾರಿಗೆ ಆಡಳಿತದ ಜೊತೆ ಹಣ ಮಂಜೂರು ಮಾಡುವ ಅಧಿಕಾರವನ್ನೂ ಬಿಟ್ಟುಕೊಟ್ಟರು. ಬೆಳಿಗ್ಗೆ ಎಲ್ಲರೂ ಬೀದಿಯಲ್ಲಿ, ಮಧ್ಯಾಹ್ನ ಸಭೆ. ಮ್ಯಾನ್‌ಹೋಲ್ ಮುಚ್ಚಳಕ್ಕೂ ಮುಖ್ಯ ಕಚೇರಿಗೆ ಫೈಲು ಏರಿ ಇಳಿಯುವ ಊರಿನಿಂದ ಬಂದವನಿಗೆ ಇದರ ಬೆಲೆ ಗೊತ್ತು. ಎರಡು ವರ್ಷದೊಳಗೆ ಇನ್‌ಟ್ಯಾಕ್ ಸಂಸ್ಥೆಯ ಸಮೀಕ್ಷೆಯಲ್ಲಿ ಸೂರತ್ ದೇಶದ ಎರಡನೆಯ ಸ್ವಚ್ಛ ನಗರ ಎನಿಸಿತು.

ಅದೇ ವರ್ಷಗಳಲ್ಲಿ ಅಹಮದಾಬಾದ್ ಕಾರ್ಪೊರೇಷನ್ ಸಾಲದಲ್ಲಿ ಮುಳುಗಿತ್ತು. ಕೇಶವ ವರ್ಮಾ ಎಂಬ ಕಮಿಷನರು ಮೊದಲು ಹಿಡಿದದ್ದು ಜಕಾತಿ ನಾಕಾಗಳನ್ನು. ಸರಕಿನ ಬೆಲೆ ಇಳಿಸಿ ತೋರಿಸುವುದು, ಲಾರಿ ರಾತ್ರಿ ನುಸುಳಿಸುವುದು, ನಾಕಾದ ಗುಮಾಸ್ತನ ಕೈ ಬಿಸಿ ಮಾಡುವುದು ಎಲ್ಲ ಊರಿನ ಪಾಠ ಒಂದೇ. ವಸೂಲಿ ಬಿಗಿಯಾಯಿತು, ಖಜಾನೆ ತುಂಬಿತು. 1998ರ ಜನವರಿಯಲ್ಲಿ ಕಾರ್ಪೊರೇಷನ್ ರಾಜ್ಯ ಸರ್ಕಾರದ ಜಾಮೀನಿಲ್ಲದೆ ನೂರು ಕೋಟಿ ರೂಪಾಯಿಯ ಬಾಂಡ್ ಹೊರಡಿಸಿತು. ಬಡ್ಡಿ ಶೇಕಡಾ 14, ಉದ್ದೇಶ ನೀರು ಮತ್ತು ಒಳಚರಂಡಿ. ದೇಶದಲ್ಲಿ ಹಾಗೆ ಮಾಡಿದ ಮೊದಲ ನಗರ ಅದು. ಒಂದು ವರ್ಷ ಮೊದಲೇ ಬೆಂಗಳೂರು ಮಹಾನಗರ ಪಾಲಿಕೆ 125 ಕೋಟಿಯ ಬಾಂಡ್ ತಂದಿತ್ತು, ಆದರೆ ಕರ್ನಾಟಕ ಸರ್ಕಾರದ ಜಾಮೀನಿನ ಮೇಲೆ. ನಾವು ಜಕಾತಿಯನ್ನು 1979ರಲ್ಲೇ ತೆಗೆದು ಅನುದಾನಕ್ಕೆ ಕೈಚಾಚುವ ಸ್ಥಿತಿಗೆ ಬಂದಿದ್ದೆವು. ಅಹಮದಾಬಾದ್ ಬಾಂಡಿಗೆ ಅಡವಿಟ್ಟದ್ದು ನಾಕಾಗಳ ಜಕಾತಿಯನ್ನೇ. ತುಪ್ಪದ ಸುಂಕದ ಮೊಮ್ಮಗ ನೂರು ಕೋಟಿಗೆ ಹೊಣೆ ನಿಂತಿದ್ದ.

2007ರ ನವೆಂಬರಿನಲ್ಲಿ ಗುಜರಾತಿನ ನಗರಗಳಲ್ಲೂ ಜಕಾತಿ ರದ್ದಾಯಿತು, ಬದಲಿಗೆ ಸರ್ಕಾರದ ಅನುದಾನ ಬಂತು. ಲಾರಿಯವರಿಗೆ ಹಬ್ಬ. ಅನುದಾನದ ಚೆಕ್ಕಿಗೆ ಕಾಯುವ ಲೆಕ್ಕಾಧಿಕಾರಿಯ ಮುಖ ನಾನು ಊಹಿಸಬಲ್ಲೆ, ಕನ್ನಡಿಯಲ್ಲಿ ನೋಡಿದ್ದೇನೆ. 2022ರ ಮಾರ್ಚಿನಲ್ಲಿ ವಡೋದರಾ ಕಾರ್ಪೊರೇಷನ್ ಕೂಡ ನೂರು ಕೋಟಿಯ ಬಾಂಡ್ ತಂದಿತು, ಬಡ್ಡಿ ಶೇಕಡಾ 7.15. ಸಯಾಜಿರಾಯರ ಊರು ಈಗ ಕೊಳವೆ ಹಾಕಿಸಲು ಪೇಟೆಯಲ್ಲಿ ಸಾಲ ಎತ್ತುತ್ತಿದೆ, ತೀರಿಸುವವರು ಮನೆಪಟ್ಟಿ ಕಟ್ಟುವ ಜನ.