ಠಾಣೆಯಲ್ಲಿ ನಮ್ಮೂರಿನವರು: ಸೂಪಾ ಸೀಮೆಯ ಪೊಲೀಸ್ ನೇಮಕಾತಿಯ ಹಿನ್ನೋಟ

ಉಳವಿ ಎಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಚನ್ನಬಸವಣ್ಣನವರ ಸಮಾಧಿ ಮತ್ತು ಮಾಘ ಮಾಸದ ಜಾತ್ರೆ. ಧಾರವಾಡ, ಬೆಳಗಾವಿ ಕಡೆಯಿಂದ ಚಕ್ಕಡಿ ಕಟ್ಟಿಕೊಂಡು ಜನ ಬರುತ್ತಾರೆ, ಅವರ ಹಿಂದೆಯೇ ಬಂದೋಬಸ್ತಿಗೆ ಪೊಲೀಸರೂ ಬರುತ್ತಾರೆ. ಜಾತ್ರೆ ಮುಗಿದ ಮೇಲೆ ಈ ಕಾಡಿನ ಹಳ್ಳಿಗಳಿಗೆ ಪೊಲೀಸರು ಯಾರು, ಅವರು ಎಲ್ಲಿಂದ ಬಂದವರು, ಯಾವ ಭಾಷೆ ಆಡುತ್ತಾರೆ? ಈ ಪ್ರಶ್ನೆಗೆ ಸುಮಾರು ನೂರೈವತ್ತು ವರ್ಷಗಳ ಇತಿಹಾಸವಿದೆ.

ಮೊದಲು ಊರಿನ ಕಾವಲು ಊರಿನವರದೇ ಆಗಿತ್ತು. ಗೌಡ ಅಥವಾ ಪಾಟೀಲ ಹೇಳುವವನು, ತಳವಾರ ಸುತ್ತುವವನು. ಸಂಬಳದ ಬದಲು ಉಂಬಳಿ ಭೂಮಿ. 1858-59ರಲ್ಲಿ ಸೂಪಾ ಕಾಡುಗಳಲ್ಲಿ ಬ್ರಿಟಿಷರ ವಿರುದ್ಧ ಬಂಡಾಯವೆದ್ದಿತು. ಅದರ ಮುಖಂಡರಲ್ಲಿ ಸಿದ್ದಿ ಬಾಸ್ತ್ಯಾಂವನೂ ಒಬ್ಬ. ಅದಾದ ಕೆಲವೇ ವರ್ಷಗಳಲ್ಲಿ, 1862ರಲ್ಲಿ, ಉತ್ತರ ಕನ್ನಡವನ್ನು ಮದ್ರಾಸಿನಿಂದ ತೆಗೆದು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಲಾಯಿತು. 1867ರ ಮುಂಬಯಿ ಗ್ರಾಮ ಪೊಲೀಸ್ ಕಾಯ್ದೆ ಪಾಟೀಲನನ್ನೇ ಊರಿನ ಪೊಲೀಸ್ ಅಧಿಕಾರಿಯನ್ನಾಗಿ ಉಳಿಸಿಕೊಂಡಿತು. ಆದರೆ ಅವನ ಮೇಲಿದ್ದ ಸಂಬಳದ ಪಡೆ ಬೇರೆ ಮಾದರಿಯದು. 1843ರಲ್ಲಿ ಸಿಂಧ್ ಗೆದ್ದ ಚಾರ್ಲ್ಸ್ ನೇಪಿಯರ್ ಐರ್ಲೆಂಡಿನ ಪೊಲೀಸ್ ಪಡೆಯನ್ನು ನೋಡಿ ಅಲ್ಲಿ ಪೊಲೀಸ್ ಕಟ್ಟಿದ. ಐರ್ಲೆಂಡಿನಲ್ಲಿ ಪೊಲೀಸನನ್ನು ಅವನ ಸ್ವಂತ ಜಿಲ್ಲೆಗೆ ಹಾಕುತ್ತಿರಲಿಲ್ಲ. ಜನರೊಡನೆ ಬೆರೆಯಬಾರದು, ಜನರನ್ನು ಹಿಡಿದಿಡಬೇಕು ಎಂಬುದು ಅದರ ತಿರುಳು. ಆಳುವವರಿಗೆ ಅದು ಅನುಕೂಲ, ಫಿರ್ಯಾದಿಗೆ ಅಲ್ಲ.

ಇಲ್ಲೊಂದು ಮಾತು. ಫಿರ್ಯಾದಿ, ಗಸ್ತು, ಬಂದೋಬಸ್ತು, ಮಹಜರು, ಫೌಜದಾರ, ಹವಾಲ್ದಾರ — ಠಾಣೆಯ ಅರ್ಧ ಶಬ್ದಕೋಶ ಫಾರಸಿ-ಅರಬಿಯಿಂದ ನಮ್ಮ ಉರ್ದುವಿಗೂ ಕನ್ನಡಕ್ಕೂ ಬಂದದ್ದು. ಶಬ್ದಗಳು ಠಾಣೆಯಲ್ಲಿ ಕಾಯಂ ಆದವು, ಆ ಭಾಷೆ ಆಡುವ ಮಕ್ಕಳು ಮಾತ್ರ ಅಷ್ಟಾಗಿ ಆಗಲಿಲ್ಲ.

1902-03ರ ಫ್ರೇಜರ್ ಆಯೋಗ ಪೊಲೀಸರ ಬಗ್ಗೆ ಕಟುವಾಗಿಯೇ ಬರೆಯಿತು. ಕಾನ್‌ಸ್ಟೇಬಲ್‌ಗಳನ್ನು ಆಯಾ ಸ್ಥಳದಲ್ಲೇ ಭರ್ತಿ ಮಾಡಬೇಕು, ಸಂಬಳ ತಿಂಗಳಿಗೆ 8 ರೂಪಾಯಿಗಿಂತ ಕಡಿಮೆ ಇರಬಾರದು ಎಂದಿತು. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರಲ್ಲಿ ಜಾರಿಯಾದಾಗ ವಂಶಪಾರಂಪರ್ಯದ ಪಾಟೀಲಿಕೆ ಹೋಯಿತು. ಹೋದದ್ದು ಒಳ್ಳೆಯದೇ, ಹುಟ್ಟಿನಿಂದ ಬರುವ ಅಧಿಕಾರವನ್ನು ಯಾರೂ ಬಯಸಬಾರದು. ಆದರೆ ಗಡಿಯಾಚೆ ಮಹಾರಾಷ್ಟ್ರ 1967ರಲ್ಲಿ ಹೊಸ ಕಾಯ್ದೆ ಮಾಡಿ ಊರಿನಲ್ಲೇ ವಾಸಿಸುವವರನ್ನು ಪೊಲೀಸ್ ಪಾಟೀಲರಾಗಿ ನೇಮಿಸುತ್ತ ಬಂದಿದೆ. ನಮ್ಮಲ್ಲಿ ಆ ಜಾಗ ಬರಿದಾಗಿಯೇ ಉಳಿಯಿತು. 1964ರ ಗ್ರಾಮ ರಕ್ಷಣಾ ದಳದ ಕಾಯ್ದೆಯಿಂದ ಅದು ತುಂಬಲಿಲ್ಲವೆಂದೇ ನನ್ನ ಅಭಿಪ್ರಾಯ.

ಮುಂದೆ ಕಾಳಿ ನದಿಗೆ ಅಣೆಕಟ್ಟು ಬಂದು ಸೂಪಾ ಊರೇ ಮುಳುಗಿತು. ತಾಲೂಕು ಕಚೇರಿ ಜೋಯಿಡಾಕ್ಕೆ ಬಂತು. ಈಗ ಅಷ್ಟು ದೊಡ್ಡ ಕಾಡಿನ ತಾಲೂಕಿಗೆ ಜೋಯಿಡಾ, ರಾಮನಗರದಂಥ ಬೆರಳೆಣಿಕೆಯ ಠಾಣೆಗಳು. ಕುಣಬಿಗಳ ಕೊಂಕಣಿ, ಗೌಳಿಗರ ಮರಾಠಿ, ಸಿದ್ದಿಗಳ ಮಿಶ್ರ ಕೊಂಕಣಿ, ದಾಂಡೇಲಿ-ಹಳಿಯಾಳದ ದಖನಿ ಉರ್ದು, ಮುಂಡಗೋಡದಲ್ಲಿ 1966ರಿಂದ ನೆಲೆಸಿದ ಟಿಬೆಟನ್ನರ ಭಾಷೆ. ದೂರು ಬರೆದುಕೊಂಡ ಮೇಲೆ ಫಿರ್ಯಾದಿಗೆ ಓದಿ ಹೇಳಿ ಸಹಿ ಪಡೆಯಬೇಕೆಂಬುದು ಕಾನೂನು. ಕನ್ನಡ ಬಾರದ ಕುಣಬಿ ಮುದುಕಿಗೆ ಕನ್ನಡದಲ್ಲೇ ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಿಕೊಂಡರೆ ಕಾನೂನು ಪಾಲಿಸಿದಂತಾಯಿತೇ?

ಸಿವಿಲ್ ಕಾನ್‌ಸ್ಟೇಬಲ್ ಹುದ್ದೆಗಳನ್ನು ಜಿಲ್ಲಾವಾರು ತುಂಬುತ್ತಾರೆ. ಆದರೆ ರಾಜ್ಯದ ಯಾವ ಜಿಲ್ಲೆಯವರೂ ಅರ್ಜಿ ಹಾಕಬಹುದು. ಬೇರೆ ಜಿಲ್ಲೆಯಿಂದ ಬಂದ ಯುವಕನ ಮನಸ್ಸು ಸಹಜವಾಗಿ ವರ್ಗಾವಣೆಯ ಕಡೆಗಿರುತ್ತದೆ. ಅವನನ್ನು ದೂರಿ ಫಲವಿಲ್ಲ.

2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದರು. ಹಿಂದೂ, ಮುಸ್ಲಿಂ, ಕ್ರೈಸ್ತ ಸಿದ್ದಿ ಎಂಬ ಭೇದವಿಲ್ಲದೆ. 2020ರಲ್ಲಿ ಬೆಳಗಾವಿ, ಧಾರವಾಡದ ಸಿದ್ದಿಗಳೂ ಸೇರಿದರು. ಕಾಡಿನ ಬುಡಕಟ್ಟುಗಳಿಗೆ ಪೊಲೀಸ್ ನೇಮಕಾತಿಯಲ್ಲಿ ವಯಸ್ಸು, ಎತ್ತರಗಳಲ್ಲಿ ಸಡಿಲಿಕೆಯಿದೆ. ಆದರೆ ಓಟದಲ್ಲೂ ಜಿಗಿತದಲ್ಲೂ ಹಿಂದೆ ಬೀಳದ ಸಿದ್ದಿ ಹುಡುಗನಿಗೆ ತೊಡಕು 168 ಸೆಂಟಿಮೀಟರ್ ಅಲ್ಲ, ಪಿ.ಯು.ಸಿ.

ಮುಸಲ್ಮಾನರ ಲೆಕ್ಕ 2006ರ ಸಾಚಾರ್ ವರದಿಯಲ್ಲಿದೆ. ದೇಶದ ಜನಸಂಖ್ಯೆಯಲ್ಲಿ ಪಾಲು ಶೇ. 13.4, ಐ.ಪಿ.ಎಸ್.ನಲ್ಲಿ ಶೇ. 4, ಕಾನ್‌ಸ್ಟೇಬಲ್‌ಗಳಲ್ಲಿ ಶೇ. 6. ಭರ್ತಿಯ ಕ್ರಮ ಬದಲಾದರೆ ಏನಾಗುತ್ತದೆ ಎಂಬುದಕ್ಕೆ ಉತ್ತರ ಐರ್ಲೆಂಡ್ ನೋಡಿ. ಅಲ್ಲಿ 1999ರಲ್ಲಿ ಪ್ಯಾಟನ್ ವರದಿ ಬಂದಾಗ ಪೊಲೀಸರಲ್ಲಿ ಕ್ಯಾಥೊಲಿಕರು ಸುಮಾರು ಶೇ. 8. 2001ರಿಂದ ಭರ್ತಿಯಲ್ಲಿ ಅರ್ಧಕ್ಕರ್ಧ ಅವರಿಗೆ ಎಂದು ನಿಯಮ ಮಾಡಿದರು. 2011ರಲ್ಲಿ ನಿಯಮ ಮುಗಿಯುವ ಹೊತ್ತಿಗೆ ಅದು ಶೇ. 30ರ ಹತ್ತಿರ ಬಂದಿತ್ತು. ಸ್ವಂತ ಊರಿಗೆ ಪೊಲೀಸನನ್ನು ಹಾಕಬೇಡಿ ಎಂದು ಕಲಿಸಿದ ಅದೇ ದ್ವೀಪದ ಕಥೆ ಇದು.

ಊರಿನವನೇ ಠಾಣೆಯಲ್ಲಿದ್ದರೆ ಪಕ್ಷಪಾತ ಮಾಡುತ್ತಾನೆ ಎಂಬ ಆಕ್ಷೇಪಣೆ ಸುಳ್ಳಲ್ಲ. ಅದಕ್ಕೆ ಪಕ್ಕದ ಠಾಣೆಗೆ ಹಾಕಿದರಾಯಿತು. ಹಳಿಯಾಳದ ಹುಡುಗ ಜೋಯಿಡಾದಲ್ಲಿ, ಜೋಯಿಡಾದವನು ಮುಂಡಗೋಡದಲ್ಲಿ ಇರಲಿ.

ನಮ್ಮ ವಿದ್ಯಾರ್ಥಿಗಳು ತಿಳಿದಿರಬೇಕಾದ ಸಂಗತಿಯೊಂದಿದೆ. ಸಿವಿಲ್ ಕಾನ್‌ಸ್ಟೇಬಲ್‌ಗೆ ಪಿ.ಯು.ಸಿ., ಸಶಸ್ತ್ರ ಮೀಸಲು ಪಡೆಗೆ ಎಸ್.ಎಸ್.ಎಲ್.ಸಿ. ಸಾಕು. ಲಿಖಿತ ಪರೀಕ್ಷೆಗೆ 100 ಅಂಕ, ಒಂದೂವರೆ ಗಂಟೆ, ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಪ್ರಶ್ನೆಪತ್ರಿಕೆ ಕನ್ನಡ ಮತ್ತು ಇಂಗ್ಲಿಷಿನಲ್ಲಿರುತ್ತದೆ, ಉರ್ದುವಿನಲ್ಲಿ ಇರುವುದಿಲ್ಲ.